ಅತ್ತೆಯ ಕೆಂಪು ದಾರ

ನಮ್ಮತ್ತೆ ಸುಮಿತ್ರಮ್ಮನವರಿಗೆ ಕಡೆಗಾಲದಲ್ಲಿ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹಗರೆ ಊರಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಬಟ್ಟೆ ಚೂರುಗಳನ್ನು ಜೋಡಿಸಿ ಕೌದಿ ಹೊಲಿಯಲು ಕೂತಾಗ ಅವರ ಸೂಜಿಗೆ ಕೆಂಪು ದಾರ ಪೋಣಿಸಿಕೊಡುವುದು ನನ್ನ ಕೆಲಸ. ಅವರು ತೀರಿಕೊಂಡ ಮೇಲೂ ಅಭ್ಯಾಸ ಬಿಡದೆ, ಪೋಣಿಸಿ ಅವರ ಚಾಪೆಯ ಮೇಲಿಡುತ್ತಿದ್ದೆ. ಕಾಫಿ ಕುಡಿದು ಬರುವಷ್ಟರಲ್ಲಿ ದಾರ ಮುಗಿದಿರುತ್ತಿತ್ತು, ಸೂಜಿ ಬೆಚ್ಚಗಿರುತ್ತಿತ್ತು. ನಮ್ಮ ಕೌದಿಯಲ್ಲಿ ಮಾತ್ರ ಒಂದೂ ಕೆಂಪು ಹೊಲಿಗೆ ಇರುತ್ತಿರಲಿಲ್ಲ.

“ಅಕ್ಕಾ, ನಂಗೆ ಭಯ ಆಗ್ತೈತೆ. ಇನ್ಮೇಲೆ ಪೋಣಿಸ್ಬೇಡಿ,” ಎಂದಳು ಜೊತೆಗೆ ಹೊಲಿಯುತ್ತಿದ್ದ ವಾರಗಿತ್ತಿ ಪ್ರತಿಮಾ. ನಿಲ್ಲಿಸಿದೆ. ಹೊಲಿಯುವ ಖುಷಿಯೂ ಅದರ ಜೊತೆಗೇ ನಿಂತುಹೋಯಿತು.

ಮೊನ್ನೆ ನಾವಿಬ್ಬರೂ ಬೇಲೂರಿಗೆ ಹೋಗಿ, ಅಂಗಡಿ ತುಂಬ ಬಟ್ಟೆ ಹರವಿಸಿ, ಬಣ್ಣಕ್ಕಾಗಿ ಕಿತ್ತಾಡಿ ನಕ್ಕು, ಹಳದಿ ಹೂವಿನ ಬಟ್ಟೆ ತಂದೆವು. ಅಂಗಡಿಯವರು ನಮ್ಮೆದುರೇ ಅಳೆದು ಕಟ್ಟಿಕೊಟ್ಟಿದ್ದರು. ಮನೆಯಲ್ಲಿ ಬಿಚ್ಚಿದರೆ ನಟ್ಟನಡುವೆ ಅಂಗೈಯಗಲದ ಚೂರು ಇರಲಿಲ್ಲ. ಕತ್ತರಿಸಿದ ಅಂಚನ್ನು ಕೆಂಪು ದಾರದಲ್ಲಿ ಮಟ್ಟಸವಾಗಿ ಮಡಚಿ ಹೊಲಿದಿತ್ತು.

ಪ್ರತಿಮಾ ಆ ಕೆಂಪು ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಗತೊಡಗಿದಳು.

“ಅತ್ತೆಗೆ ಬಣ್ಣ ಹಿಡಿಸೈತೆ ಅಕ್ಕಾ,” ಎಂದು ತಾನೇ ಸೂಜಿಗೆ ದಾರ ಪೋಣಿಸಿದಳು.

ಈಗ ಮತ್ತೆ ಮಧ್ಯಾಹ್ನವೆಲ್ಲ ಹರಟುತ್ತ ಹೊಲಿಯುತ್ತೇವೆ. ಅತ್ತೆಯ ಕೌದಿ ಎಲ್ಲಿ ಬೆಳೆಯುತ್ತಿದೆಯೋ, ನಾವಿನ್ನೂ ಕಂಡಿಲ್ಲ. ಕೆಂಪು ದಾರ ಮಾತ್ರ ದಿನಾ ಮುಗಿಯುತ್ತದೆ.