ಎವ್ದೋಕಿಯಾ ಫೆರ್ರಿಯಲ್ಲಿ ಬಂದ ಶಿಲುಬೆ

"ಹನ್ನೆರಡಕ್ಕೆ ನಾನು ಸಮುದ್ರಕ್ಕೆ ಏನನ್ನ ಎಸೀಲಿ?"

ಪಾದ್ರಿ ಗೆರಾಸಿಮೋಸ್ ಕೇಳಿದ್ದು ಇನ್ಸ್‌ಪೆಕ್ಟರನ್ನಲ್ಲ, ಪೇದೆಯನ್ನೂ ಅಲ್ಲ. ಗೋಡೆ ನೋಡಿಕೊಂಡು, ಯಾರಿಗೂ ಅಲ್ಲದ ಹಾಗೆ. ಜನವರಿ ಆರು, ಬೆಳಿಗ್ಗೆ ೮.೪೦, ಪ್ಲಾತಾನಿ ಬಂದರು ಪೊಲೀಸ್ ಠಾಣೆ. ಮೇಜಿನ ಮೇಲೆ ತೆರೆದ ಮರದ ಪೆಟ್ಟಿಗೆ. ಅದರೊಳಗೆ ಬಿಳಿ ಬಟ್ಟೆ ಸುತ್ತಿದ ಒಂದು ಸೌದೆ ತುಂಡು.

ಇನ್ಸ್‌ಪೆಕ್ಟರ್ ಲಾಂಬ್ರೋಸ್‌ಗೆ ಬೇರೆ ವಿವರಣೆ ಬೇಕಿರಲಿಲ್ಲ. ವರ್ಷವಿಡೀ ಆಚೆ ದಡದ ವಾಥಿಯಾನಿ ಮಠದಲ್ಲಿರುವ ಆಲಿವ್ ಮರದ ಶಿಲುಬೆ ನೀರಿನ ಹಬ್ಬದ ಬೆಳಿಗ್ಗೆ ಈ ಪೆಟ್ಟಿಗೆಯಲ್ಲಿ ಫೆರ್ರಿ ಹತ್ತಿ ಬರಬೇಕು. ಪಾದ್ರಿ ಎಸೆಯಬೇಕು, ಊರಿನ ಹರೆಯದವರು ಧುಮುಕಿ ತರಬೇಕು. ಅಲ್ಲಿಯವರೆಗೆ ಮೀನುಗಾರರು ಬಲೆ ಮುಟ್ಟುವುದಿಲ್ಲ.

"ಬೇರೆ ಶಿಲುಬೆ ಎಸೆದ್ರೆ ಆಗಲ್ವಾ ಪಾದ್ರಿಗಳೇ?" ಎಂದಳು ಪೇದೆ ಅರ್ಗೀರೋ.

"ಆಮೇಲೆ ಊರಿನವ್ರು ನನ್ನನ್ನೇ ಎಸೀತಾರೆ ಕಣಮ್ಮ."

೮.೫೨ಕ್ಕೆ ಎಫ್‌ಐಆರ್ ದಾಖಲಾಯಿತು. ಮಠದಿಂದ ಪೆಟ್ಟಿಗೆ ತಂದವಳು ಇಗರ್ಜಿಯ ದೀಪ ನೋಡಿಕೊಳ್ಳುವ ಸ್ತಮಾತಾ ಅಜ್ಜಿ. ಅವಳನ್ನು ಲಾಂಬ್ರೋಸ್ ಬಂದರಿನ ಕಟ್ಟೆಯ ಮೇಲೆಯೇ ವಿಚಾರಿಸಿದ.

"ಫೆರ್ರಿಯಲ್ಲಿ ಪೆಟ್ಟಿಗೆ ಬಿಟ್ಟು ಎದ್ದಿದ್ರಾ ಅಜ್ಜಿ?"

"ಕಾಫಿ ತರೋಕೆ ಹೋಗಿದ್ದೆ."

"ಎಷ್ಟು ಹೊತ್ತು?"

"ವಾಪಸ್ ಬಂದಾಗ ಕಾಫಿ ಬಿಸಿ ಇತ್ತು. ನೀವೇ ಲೆಕ್ಕ ಹಾಕ್ಕೊಳ್ಳಿ."

ಪಕ್ಕದಲ್ಲಿ ಮೊಮ್ಮಗಳು ಅಸಿಮೀನಾ, ಈಜುಡುಗೆಯ ಮೇಲೆ ಕೋಟು. ಹದಿನೆಂಟು ತುಂಬಿ ಇದೇ ಮೊದಲ ಸಲ ಧುಮುಕುವವಳು. ನಿಂತಲ್ಲಿ ನಿಲ್ಲಲಾರದೆ ಕುಣಿಯುತ್ತಿದ್ದಳು. "ಬೇಗ ಹುಡುಕಿ ಸಾರ್! ಮೂರು ತಿಂಗಳಿಂದ ತಣ್ಣೀರು ಸ್ನಾನ ಮಾಡಿದೀನಿ!"

೯.೦೫ಕ್ಕೆ ಮರಳಿ ಹೊರಡಬೇಕಿದ್ದ ಎವ್ದೋಕಿಯಾ ಫೆರ್ರಿಯನ್ನು ಲಾಂಬ್ರೋಸ್ ತಡೆದ. ಬೆಳಿಗ್ಗೆ ಇಳಿದಿದ್ದ ಮೂವತ್ತನಾಲ್ಕು ಮಂದಿ ಹಬ್ಬಕ್ಕೆಂದು ಕಟ್ಟೆಯಲ್ಲೇ ಇದ್ದರು; ಅವರ ಚೀಲಗಳನ್ನೆಲ್ಲ ತಡಕಿದ್ದಾಯಿತು. ನಂತರ ಫೆರ್ರಿಯ ಬೆಂಚು, ಜೀವರಕ್ಷಕ ಅಂಗಿ, ಇಂಜಿನ್ ಕೋಣೆ.

"ಚುಕ್ಕಾಣಿ ಒಂದ್ಯಾಕೆ ಬಿಟ್ರಿ? ಅದನ್ನೂ ಬಿಚ್ಚಿಬಿಡಿ," ಎಂದು ಕ್ಯಾಪ್ಟನ್ ಮೂಗು ಮುರಿದ.

ಮೆಟ್ಟಿಲ ಕೆಳಗೆ ಐದು ಗಂಟುಗಳಿದ್ದವು. ಹೆಸರು ಬರೆದು ಕೊಟ್ಟರೆ ಫೆರ್ರಿ ಒಯ್ಯುತ್ತದೆ; ಹೆಸರಿನವರು ದಡಕ್ಕೆ ಬಂದು ಕೇಳಿ ಪಡೆಯುತ್ತಾರೆ. ಯಾರೂ ಬಾರದಿದ್ದರೆ ಗಂಟು ಆಚೆಗೂ ಈಚೆಗೂ ಓಡಾಡಿಕೊಂಡಿರುತ್ತದೆ. ಒಬ್ಬರ ಹೆಸರಿನ ಗಂಟನ್ನು ಇನ್ನೊಬ್ಬರು ಬಿಚ್ಚುವ ಪದ್ಧತಿ ಈ ಕಡಲಿನಲ್ಲಿಲ್ಲ. ಅಲ್ಲೇ ಹುಟ್ಟಿ ಬೆಳೆದ ಲಾಂಬ್ರೋಸ್ ಕೂಡ ಕೈ ಹಚ್ಚಲಿಲ್ಲ.

೧೦.೪೦. ಕಟ್ಟೆಯ ಮೇಲೆ ದಾಲ್ಚಿನ್ನಿ ವಾಸನೆ. ಏನಾದರೂ ಕಳೆದರೆ ಫನೂರಿಯೋಸ್ ಸಂತನಿಗೆ ಕೇಕು ಹರಕೆ; ಹೆಂಗಸರು ಬಿಸಿಬಿಸಿ ತಟ್ಟೆ ಹಿಡಿದು ಸಾಲಾಗಿ ಬಂದು ಹಂಚತೊಡಗಿದ್ದರು.

"ಏಳು ಮನೆಯ ಕೇಕು ಸಾರ್," ಎಂದಳು ಅರ್ಗೀರೋ, ಬಾಯಿ ತುಂಬಿಕೊಂಡು. "ಸಂತ ಇವತ್ತು ಹೊಟ್ಟೆ ಕೆಡಿಸಿಕೊಳ್ತಾನೆ."

"ಸ್ತಮಾತಾ ಅಜ್ಜಿದು ಯಾವ್ದು?"

ಅರ್ಗೀರೋ ತಟ್ಟೆಗಳ ಮೇಲೆ ಕಣ್ಣಾಡಿಸಿದಳು. ಅಗಿಯುವುದು ನಿಂತಿತು. "ಅಜ್ಜಿದು... ಇಲ್ಲ ಸಾರ್. ಹೋದ ತಿಂಗಳು ಸೂಜಿ ಕಳೆದದ್ದಕ್ಕೇ ಕೇಕು ಮಾಡಿ ಬೀದಿಗೆಲ್ಲ ಹಂಚಿದ್ರು!"

ಲಾಂಬ್ರೋಸ್‌ಗೆ ತಡಕದೆ ಬಿಟ್ಟ ಗಂಟುಗಳು ನೆನಪಾದವು. ಅವನು ಫೆರ್ರಿಗೆ ಓಡಿದ. ಮೆಟ್ಟಿಲ ಕೆಳಗೆ ಮಂಡಿಯೂರಿ ಗಂಟುಗಳ ಹೆಸರು ಓದಿದ. ನಾಲ್ಕನೆಯದರ ಮೇಲೆ: ಲೆಫ್ತೇರಿಸ್ ಕೊರಾಕಿಸ್, ಪ್ಲಾತಾನಿ.

ಹನ್ನೊಂದು ವರ್ಷದ ಹಿಂದೆ ಇದೇ ಹಬ್ಬದಲ್ಲಿ ಶಿಲುಬೆಗೆಂದು ಧುಮುಕಿ, ಆ ಚಳಿನೀರಿನಲ್ಲಿ ಎದೆಬಡಿತ ನಿಂತು ಸತ್ತವನು. ಶವದ ಪಂಚನಾಮೆಗೆ ಸಹಿ ಹಾಕಿದ್ದು ಲಾಂಬ್ರೋಸನೇ. ಸ್ತಮಾತಾಳ ಮಗ. ಅಸಿಮೀನಾಳ ತಂದೆ.

೧೧.೨೦ಕ್ಕೆ ಕ್ಯಾಪ್ಟನ್ ಮತ್ತು ಫೆರ್ರಿಯ ಕಾಫಿಯವನನ್ನು ಪಂಚರನ್ನಾಗಿಟ್ಟುಕೊಂಡು ಗಂಟು ಬಿಚ್ಚಲಾಯಿತು. ಮಗುವಿನ ಹಾಗೆ ಉಣ್ಣೆ ಶಾಲು ಹೊದ್ದು ಮಲಗಿತ್ತು ಶಿಲುಬೆ. ಕ್ಯಾಪ್ಟನ್ ಪಂಚನಾಮೆ ಮುಗಿಯುವುದನ್ನೂ ಕಾಯದೆ ಸೀಟಿ ಊದಿದ. ಕಟ್ಟೆಯಿಂದ ಕೇಕೆ ಎದ್ದಿತು, ಇಗರ್ಜಿಯ ಗಂಟೆ ಮೊಳಗಿತು, ಬಂದರಿನ ದೋಣಿಗಳೆಲ್ಲ ಒಟ್ಟಿಗೆ ಕೂಗಿದವು.

ಆ ಗದ್ದಲದಲ್ಲಿ ಸ್ತಮಾತಾ ಅಜ್ಜಿಯೊಬ್ಬಳೇ ಕುಳಿತಲ್ಲಿಂದ ಏಳಲಿಲ್ಲ.

"ಕೇಕು ಯಾಕೆ ಮಾಡ್ಲಿಲ್ಲ ಅಜ್ಜಿ?"

"ನಿನಗಾದ್ರೆ ಸುಳ್ಳು ಹೇಳಬಹುದು ಲಾಂಬ್ರೋ. ನಾನೇ ಬಚ್ಚಿಟ್ಟು, ಹುಡುಕಿಕೊಡಪ್ಪಾ ಅಂತ ಸಂತನ್ನ ಕೇಳೋಕಾಗತ್ತಾ?"

"ನಾಳೆ ಏನ್ಮಾಡ್ತಿದ್ರಿ?"

"ನಾನೇ ಫೆರ್ರಿಗೆ ಹೋಗಿ, ನನ್ನ ಮಗಂದು ಕೊಡಿ ಅಂತ ಕೇಳಿ ಬಿಡಿಸ್ಕೊಳ್ತಿದ್ದೆ. ಇವತ್ತೊಂದು ದಿನ ದಾಟಿದ್ರೆ ಸಾಕಿತ್ತು. ಅಸಿಮೀನಾ ಒಣಗಿದ ಮೈಯಲ್ಲೇ ಮನೆಗೆ ಬರ್ತಿದ್ದಳು."

೧೧.೩೮ಕ್ಕೆ ಬಂಧನ. ಬೇಡಿ ಹಾಕಲಿಲ್ಲ, ಅರ್ಗೀರೋ ಅಜ್ಜಿಯ ತೋಳು ಹಿಡಿದು ಪಕ್ಕದಲ್ಲಿ ಕುಳಿತಳು. ಉದ್ದೇಶದ ಅಂಕಣದಲ್ಲಿ ಲಾಂಬ್ರೋಸ್ ಬರೆದದ್ದು ಒಂದೇ ಮಾತು: ಭಯ.

ಹನ್ನೆರಡಕ್ಕೆ ಮೂರು ನಿಮಿಷ ಬಾಕಿ. ಫೆರ್ರಿಯ ಮೂತಿಯಲ್ಲಿ ಪಾದ್ರಿ ಶಿಲುಬೆ ಎತ್ತಿ ಹಿಡಿದ. ಕಟ್ಟೆಯ ಅಂಚಿನಲ್ಲಿ ಹರೆಯದವರು ಸಾಲುಗಟ್ಟಿದರು. ಅಸಿಮೀನಾ ಕೋಟು ಕಳಚಿ ಓಡಿಬಂದು ಅಜ್ಜಿಯ ಮುಂದೆ ಕುಕ್ಕರಿಸಿದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಅಜ್ಜಿ ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

"ಇದೊಂದು ವರ್ಷ ಬೇಡ ಮಗಾ. ನಿಮ್ಮಪ್ಪನಾಣೆ. ದಡದಲ್ಲೇ ನಿಲ್ಲು."

ಅಸಿಮೀನಾ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಕೈಗೆ ಮುತ್ತಿಟ್ಟಳು.

"ಇಲ್ಲ ಅಜ್ಜಿ. ನಿಲ್ಲಲ್ಲ."