'ಯೊಬೊ' ಅಂದವಳು ಯಾರು?

"ಯೊಬೊ..."

ಒಂದು ಹೆಣ್ಣು ದನಿ. ಮೆತ್ತಗೆ ಎಳೆದು ಹೇಳಿದ ದನಿ. ಅಷ್ಟೇ! ಖಟ್ ಅಂತ ನಿಂತುಹೋಯಿತು.

ಮೀನಿನ ಲಾರಿಯ ಡ್ರೈವರ್ ಸೀಟಿನಲ್ಲಿ ಕೂತಿದ್ದ ಮಿರಾನಳ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕಾಲ ಬಳಿ ಬಿತ್ತು.

ಮುಂದಿನ ಗಾಜಿನ ಕೆಳಗೆ ಕೂರಿಸಿದ್ದ, ಫೋನಿನ ಕರೆ ಕೇಳಿಸುವ ಬ್ಲೂಟೂತ್ ಪೆಟ್ಟಿಗೆಯ ನೀಲಿ ದೀಪ ಆರಿತು... ಮತ್ತೆ ಹತ್ತಿತು. ಏನೂ ಆಗಿಲ್ಲವೆಂಬಂತೆ ಮಿನುಗತೊಡಗಿತು.

ಯೊಬೊ! ಕೊರಿಯಾದಲ್ಲಿ ಆ ಮಾತನ್ನು ಯಾರಂದರೆ ಅವರಿಗೆ ಹೇಳುವುದಿಲ್ಲ. ಹೆಂಡತಿ ಗಂಡನನ್ನು ಕರೆಯುವ ಮಾತು, ಗಂಡ ಹೆಂಡತಿಯನ್ನು ಕರೆಯುವ ಮಾತು.

ಲಾರಿ ಚಾ ದೊಶಿಕ್‌ನದು. ಸ್ಟ್ಯಾಂಡಿನಲ್ಲಿದ್ದ ಫೋನೂ ಅವನದೇ. 'ನನಗೆ ಅಮ್ಮನ್ನ ಬಿಟ್ರೆ ಹಿಂದೆ ಮುಂದೆ ಯಾರೂ ಇಲ್ಲ, ಮದುವೆ ಅಂತಾದ್ರೆ ನಿಮ್ಮನ್ನೇ' ಎಂದು ನಿನ್ನೆ ಇದೇ ಅಂಗಡಿಯ ಮುಂದೆ ನಿಂತು ಹೇಳಿದವನೂ ಅವನೇ!

ಕುರ್ಯೊಂಗ್ಪೊ ಬಂದರಿನ ಬೀದಿಯಲ್ಲಿ ವಾಹನಗಳಿಗೆ ರೇಡಿಯೊ, ಸ್ಪೀಕರ್ ಕೂರಿಸುವ ಅಂಗಡಿ ಮಿರಾನಳದು. ಮೂವತ್ತೆಂಟು ವಯಸ್ಸು. ಹಿಂದೊಮ್ಮೆ ಒಬ್ಬನನ್ನು ನಂಬಿದ್ದಳು. ಅವನ ಹೆಂಡತಿ ಈ ಅಂಗಡಿಗೇ ಬಂದು, ಗಿರಾಕಿಗಳೆದುರು ಇವಳ ಮುಖಕ್ಕೆ ನೀರೆರಚಿ ಹೋದಳು. ಅವನಿಗೊಬ್ಬಳು ಹೆಂಡತಿ ಇದ್ದಾಳೆಂದು ಇವಳಿಗೆ ತಿಳಿದದ್ದೇ ಆಗ! ಇಡೀ ಬಂದರೇ ನಕ್ಕಿತ್ತು.

'ಮತ್ತೆ ಅದೇನಾ? ನನ್ನ ಹಣೇಲಿ ಬರೆದಿರೋದೇ ಇಷ್ಟಾ?'

"ಏನ್ ಯಜಮಾನಮ್ಮ, ರೋಗ ಗೊತ್ತಾಯ್ತಾ?"

ದೊಶಿಕ್ ಲಾರಿಯ ಹಿಂಬದಿಯ ಮೀನಿನ ತೊಟ್ಟಿಯ ಮುಚ್ಚಳ ಹಾಕಿ ಬಂದ. ರಬ್ಬರ್ ಬೂಟು ಒದ್ದೆ, ಮುಖದ ತುಂಬ ನಗು. "ಒಂದು ವಾರದಿಂದ ಹಿಂಗೇ ನೋಡಿ. ಯಾರೇ ಫೋನ್ ಮಾಡ್ಲಿ, ಬಾಯಿ ತೆಗೆಯೋಷ್ಟರಲ್ಲಿ ಸತ್ತು ಹುಟ್ಟುತ್ತೆ."

"ಗೊತ್ತಾಯ್ತು. ರೋಗ ಪೆಟ್ಟಿಗೇದಲ್ಲ, ಅದರ ಧಣಿದು!"

ಅವನ ನಗು ಅರ್ಧಕ್ಕೇ ನಿಂತಿತು. "ಏನಾಯ್ತು? ಭಾನುವಾರ ಮನೆಗೆ ಕರೆದಿದ್ದಕ್ಕೆ ಕೋಪಾನಾ? ಅಮ್ಮ ಬರೀ ಮುಖ ನೋಡ್ಬೇಕು ಅಂತಿದ್ದಾಳೆ ಅಷ್ಟೇ. ಉಲ್ಜಿನ್ ಊರಿನ ಏಡಿ ತಂದಿಡ್ತೀನಿ ಅಂತ..."

"ಆ ಏಡೀನ ನಿಮ್ಮ ಹೆಂಡ್ತಿಗೆ ಬೇಯಿಸಿ ಹಾಕಿ!"

"ಯಾವ ಹೆಂಡ್ತಿ?"

"ಈಗ ಫೋನ್ ಮಾಡಿದ್ಲಲ್ಲ, ಅವಳು!"

ದೊಶಿಕ್ ಕಿಟಕಿಯೊಳಗೆ ಕೈ ಹಾಕಿ ಫೋನಿನ ಪರದೆ ನೋಡಿದ. "ಇದಾ? ಬಸ್ ಸ್ಟ್ಯಾಂಡ್ ಹತ್ರದ ಹೋಟ್ಲು ಹೆಂಗಸು! ಆ ಚಪ್ಪಟೆ ನಂಗು ಮೀನು ಬೇಕು ಅಂತ ಮಾಡಿರ್ತಾಳೆ."

"ನಂಗು ಮೀನು ಕೇಳೋರೆಲ್ಲ ನಿಮ್ಮನ್ನ ಯೊಬೊ ಅಂತಾರಾ?"

"ಯೊಬೊನಾ? ನನ್ನನ್ನಾ?" ಅವನ ಕಣ್ಣುಗಳು ಅರಳಿದವು. "ಆಯಮ್ಮ ಬೈಯೋಕೆ ಬಿಟ್ಟು ಬೇರೆ ಯಾವುದಕ್ಕೂ ನನ್ನ ಹತ್ರ ಬಾಯೇ ತೆಗೆದಿಲ್ಲ!"

"ಸುಳ್ಳು ಹೇಳ್ಬೇಡಿ! ನನ್ನ ಕಿವೀಲೇ ಕೇಳಿದೆ. ಪೆಟ್ಟಿಗೆ ಸುಳ್ಳು ಹೇಳಲ್ಲ, ನಾನು ಕೂರಿಸಿದ್ದು ಅದು!"

ಬೀದಿಯಲ್ಲಿ ಬಲೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ಮಿರಾನಳ ಕೆನ್ನೆ ಉರಿಯಿತು. ಮತ್ತೆ ಬಂದರು ನಗುತ್ತದೆ...

ದೊಶಿಕ್ ನಿಧಾನವಾಗಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ.

"ಸರಿ. ನನ್ನ ಮಾತಿಗಿಂತ ಈ ಡಬ್ಬಿ ಮಾತು ಹೆಚ್ಚಾಯ್ತು ನಿಮಗೆ." ದನಿ ತಣ್ಣಗಿತ್ತು. "ಮೊಕ್ಪೊದ ಮೀನು ಕಂಪನಿಯವರು ಆ ಕಡೆಯ ಕರಾವಳಿಗೆ ಕೆಲಸಕ್ಕೆ ಬಾ ಅಂತ ಕರೀತಾನೇ ಇದ್ದಾರೆ. ನಿಮಗೋಸ್ಕರ ತಡೆದಿದ್ದೆ. ಇವತ್ತು ಹೂಂ ಅಂತೀನಿ. ಡಬ್ಬಿ ಸರಿ ಮಾಡಿಡಿ. ದಾರೀಲಿ ಅದರಲ್ಲೇ ಮಾತಾಡ್ತೀನಿ."

ಅವನು ಪಕ್ಕದ ಬುನಿ ಅಜ್ಜಿಯ ನೂಡಲ್ಸ್ ಅಂಗಡಿಯೊಳಗೆ ಹೋಗಿಬಿಟ್ಟ.

'ಹೋಗ್ಲಿ! ಹಾಳಾಗಿ ಹೋಗ್ಲಿ!'

ಬಿದ್ದಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡಳು. ಅವನು ಮೊಕ್ಪೊಗೆ 'ಹೂಂ' ಅನ್ನುವ ಪೆಟ್ಟಿಗೆಯನ್ನು ಅವಳೇ ಸರಿಮಾಡಿ ಕೊಡಬೇಕು!

ಮಿರಾನ್ ಹಲ್ಲು ಕಚ್ಚಿ ಕೆಲಸಕ್ಕೆ ಕೂತಳು. ಫೋನಿನ ಜೋಡಣೆ ಅಳಿಸಿ ಮತ್ತೆ ಜೋಡಿಸಿದಳು. ಫ್ಯೂಸ್ ಬದಲಿಸಿದಳು. ದೀಪವೇನೋ ಚೆನ್ನಾಗಿಯೇ ಉರಿಯಿತು. ಆದರೆ ಕರೆ ಬಂದಾಗ? ಬೇರೆ ಯಾರಾದರೂ ಹೊರಗಿನಿಂದ ಮಾಡಿ ಮಾತಾಡಿದರೆ ತಾನೇ ಗೊತ್ತಾಗುವುದು!

"ಅಜ್ಜೀ! ಈ ಡ್ರೈವರ್ ಸಾಹೇಬ್ರ ನಂಬರಿಗೊಂದು ಫೋನ್ ಮಾಡಿ!"

ಬುನಿ ಅಜ್ಜಿ ಸೌಟು ಹಿಡಿದೇ ಹೊರಬಂದಳು. "ಅವನು ನನ್ನ ಬೆಂಚಿನ ಮೇಲೇ ಕೂತು ಸೊರಗ್ತಿದ್ದಾನಲ್ಲೇ! ಮುಂದಿಟ್ಟ ನೂಡಲ್ಸು ಹಗ್ಗ ಆಗ್ತಿದೆ. ಫೋನ್ ಯಾಕೆ, ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ಲಾ?"

"ಅವರು ಬೇಡ! ಡಬ್ಬಿ ನೋಡ್ಬೇಕು ಅಷ್ಟೇ!"

"ಡಬ್ಬಿಯಂತೆ..." ಗೊಣಗುತ್ತಾ ಅಜ್ಜಿ ಫೋನನ್ನು ಕಣ್ಣ ಹತ್ತಿರ ಹಿಡಿದು ಒತ್ತಿದಳು.

ಲಾರಿಯೊಳಗೆ ರಿಂಗಾಯಿತು. ಪೆಟ್ಟಿಗೆ ತಾನಾಗಿಯೇ ಕರೆ ಎತ್ತಿಕೊಂಡಿತು.

"ಯೊಬೊ..." ಖಟ್!

ಮಿರಾನ್ ಬೆಚ್ಚಿದಳು. ಅದೇ ಎಳೆತ, ಅದೇ ಮೆತ್ತಗಿನ ದನಿ... ಎಪ್ಪತ್ತು ದಾಟಿದ ಅಜ್ಜಿಯ ಬಾಯಿಂದ!

ಮರುಕ್ಷಣವೇ ತೆರೆದ ಕಿಟಕಿಯಿಂದ ಅದೇ ಅಜ್ಜಿಯ ಕೂಗು ಕೇಳಿತು. "...ಸೆಯೊ! ಯೊಬೊಸೆಯೊ! ಏನೇ, ಸತ್ತೆಯಾ, ಬದುಕಿದ್ಯಾ?"

ಯೊಬೊಸೆಯೊ.

ಫೋನ್ ಎತ್ತಿದವರೂ ಮಾಡಿದವರೂ ಮೊದಲು ಹೇಳುವ ಮಾತು. ನಮ್ಮಲ್ಲಿ ಹಲೋ ಅನ್ನುವಂತೆ! ಪೊಲೀಸರೂ ಹೇಳುತ್ತಾರೆ, ಹಾಲಿನವನೂ ಹೇಳುತ್ತಾನೆ. ನಂಗು ಮೀನು ಬೇಕಾದ ಹೋಟೆಲಿನ ಹೆಂಗಸೂ ಹೇಳುತ್ತಾಳೆ! ಪೆಟ್ಟಿಗೆ ಅದನ್ನು ಅರ್ಧಕ್ಕೆ ಕತ್ತರಿಸಿ, ಹಲೋವನ್ನು ಹೆಂಡತಿ ಮಾಡಿಬಿಟ್ಟಿತ್ತು.

'ಅಯ್ಯೋ ದೇವರೇ... ಏನ್ ಮಾಡ್ಬಿಟ್ಟೆ ನಾನು!'

ಸುಮ್ಮನಿದ್ದಾಗ ಉರಿಯುತ್ತದೆ, ದನಿ ಹೊರಟ ಕೂಡಲೇ ಸಾಯುತ್ತದೆ. ಅಂದರೆ ದನಿಗೆ ಬೇಕಾದಷ್ಟು ಕರೆಂಟು ಸಿಗುತ್ತಿಲ್ಲ. ಮಿರಾನ್ ಮಂಡಿಯೂರಿ ತಗ್ಗಿ ಪೆಟ್ಟಿಗೆಯ ಕೆಳಗೆ ಟಾರ್ಚ್ ಬೆಳಕು ಬಿಟ್ಟಳು. ಲಾರಿಯ ತಗಡಿಗೆ ಅರ್ಥಿಂಗ್ ವೈರನ್ನು ಬಿಗಿದಿದ್ದ ಸ್ಕ್ರೂ ಕಂಡಿತು. ಬಿಚ್ಚಿದಳು.

ಅದರ ಕೆಳಗೆ ನೀಲಿ ಬಣ್ಣ ಹಾಗೆಯೇ ಇತ್ತು!

ಬಣ್ಣ ಕೆರೆಯದೆ ತಾನೇ ಅರ್ಥಿಂಗ್ ಬಿಗಿದಿದ್ದಳು! ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ; ಕಲಿಯಲು ಬಂದವರು ಮಾಡುವ ತಪ್ಪು. ಸ್ಕ್ರೂವಿನ ಅಂಚು ಅಷ್ಟಿಷ್ಟು ತಾಗಿಕೊಂಡು ಇಷ್ಟು ದಿನ ಹೇಗೋ ನಡೆದಿತ್ತು. ಈಗ ಉಪ್ಪುಗಾಳಿಗೆ ಅದೂ ತುಕ್ಕು ಹಿಡಿದಿತ್ತು.

ಯಾಕೆ ಕೆರೆಯಲಿಲ್ಲ? ನೆನಪಾಯಿತು. ಆ ದಿನ ಅವನು ಮೊದಲ ಸಲ ಅಂಗಡಿಗೆ ಬಂದಿದ್ದ. ಟಾರ್ಚ್ ಹಿಡಿದು ಪಕ್ಕದಲ್ಲೇ ಬಗ್ಗಿ, ನಂಗು ಮೀನಿಗೆ ಎರಡೂ ಕಣ್ಣು ಒಂದೇ ಕಡೆ ಯಾಕೆ ಅಂತ ಏನೋ ಹುಚ್ಚು ಕಥೆ ಹೇಳುತ್ತಿದ್ದ. ಅವಳು ತಗಡು ನೋಡುತ್ತಿರಲಿಲ್ಲ... ಅವನ ಮುಖ ನೋಡುತ್ತಿದ್ದಳು!

ಕಣ್ಣು ತುಂಬಿ ಬಂತು. ಸ್ಯಾಂಡ್ ಪೇಪರ್ ತೆಗೆದುಕೊಂಡು ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಿದಳು. ಸ್ಕ್ರೂ ಬಿಗಿದಳು.

ಎದ್ದು ಕೆಳಗಿಳಿಯುವಷ್ಟರಲ್ಲಿ ದೊಶಿಕ್ ಎದುರಿಗಿದ್ದ.

"ಆಯ್ತಾ?"

"ಆಯ್ತು... ಆದ್ರೆ ಒಂದು ಮಾತು, ಚಾ ಅವ್ರೇ..."

"ಬೇಡ. ಇನ್ನೊಂದು ಮಾತು ಕೇಳೋ ಶಕ್ತಿ ನನಗಿಲ್ಲ."

ಹತ್ತಿದ. ಬಾಗಿಲು ಧಡ್ ಅಂತ ಮುಚ್ಚಿದ. ಗಾಜು ಏರಿಸಿದ. ಲಾರಿ ತೊಟ್ಟಿಯ ನೀರನ್ನು ತುಳುಕಿಸುತ್ತಾ ಹೊರಟೇಬಿಟ್ಟಿತು!

"ನಿಂತ್ಕೊಳ್ರೀ!"

ಯಾರಿಗೆ ಕೇಳುತ್ತದೆ? ಲಾರಿ ಮಂಜುಗಡ್ಡೆ ಕಾರ್ಖಾನೆ ದಾಟಿತು. ಬಂದರಿನ ಗೇಟು ದಾಟಿದರೆ ಹೆದ್ದಾರಿ. ಅಲ್ಲಿ ಅವನು ಮೊಕ್ಪೊಗೆ ಕರೆ ಮಾಡುತ್ತಾನೆ... ಮುಗಿಯಿತು!

ಮಿರಾನ್ ತನ್ನ ಫೋನ್ ತೆಗೆದಳು. ಗ್ರೀಸ್ ಮೆತ್ತಿದ ಬೆರಳಿಗೆ ಪರದೆ ಓಗೊಡಲಿಲ್ಲ. ಬೆರಳನ್ನು ಅಂಗಿಗೆ ಒರೆಸಿದಳು, ಒತ್ತಿದಳು, ಮತ್ತೆ ಒರೆಸಿದಳು...

ರಿಂಗಾಯಿತು. ಪೆಟ್ಟಿಗೆ ತಾನಾಗಿಯೇ ಎತ್ತಿಕೊಂಡಿತು. ಇಂಜಿನ್ ಸದ್ದು ಕೇಳಿತು.

ಹೇಳಬೇಕಾದ್ದು ನೂರಿತ್ತು. ಬಂದದ್ದು ಒಂದೇ.

"ಯೊಬೊ..."

ಒಂದು ಕ್ಷಣ ಬರೀ ಇಂಜಿನ್. ಆಮೇಲೆ ಅವನ ಸಿಡಿಮಿಡಿ.

"ನೋಡಿದ್ರಾ! ಮತ್ತೆ ಅರ್ಧಕ್ಕೇ ಕಡಿದುಹೋಯ್ತು. ಏನೂ ಸರಿ ಮಾಡಿಲ್ಲ ನೀವು!"

"ಸರಿಯಾಗಿದೆ," ಎಂದಳು ಮಿರಾನ್. "ಕಡಿದಿಲ್ಲ. ನಾನು ಹೇಳಿದ್ದೇ ಅಷ್ಟು."

ಗೇಟಿನ ಹತ್ತಿರ ಲಾರಿಯ ಕೆಂಪು ದೀಪಗಳು ಹತ್ತಿದವು. ಲಾರಿ ಗಕ್ಕನೆ ನಿಂತ ರಭಸಕ್ಕೆ ತೊಟ್ಟಿಯ ನೀರು ರಸ್ತೆಗೆಲ್ಲ ಚೆಲ್ಲಿತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಬೈದ.

"ಏನಂದ್ರಿ?"

"ಪೆಟ್ಟಿಗೆ ಸುಳ್ಳು ಹೇಳ್ತು. ನಾನೇ ಕೂರಿಸಿದ್ದಲ್ವಾ, ಅದಕ್ಕೇ! ಯೊಬೊಸೆಯೊ ಅಂದಿದ್ರಲ್ಲಿ ಅರ್ಧ ನುಂಗಿತ್ತು. ಬಣ್ಣ ಕೆರೀದೇ ಸ್ಕ್ರೂ ಬಿಗಿದಿದ್ದೆ..."

"ನಿಮ್ಮಂಥೋರು ಕೆರೀದೇ ಬಿಗಿದ್ರಾ? ಯಾಕೆ?"

"ನಿಮ್ಮ ಮುಖ ನೋಡ್ತಿದ್ದೆ."

ಆ ಕಡೆಯಿಂದ ಮೂಗೇರಿಸಿದ ಸದ್ದು.

"ಅಳ್ತಿದ್ದೀರಾ?" ಎಂದಳು.

"ಮೀನಿನ ನೀರು, ಸಿಡಿದಿದ್ದು."

"ಗಾಜು ಏರಿಸಿದ್ದೀರಲ್ಲ!"

"ಯಜಮಾನಮ್ಮಾ..."

"ಹೂಂ?"

"ಡಬ್ಬೀನ ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು. ಮತ್ತೆ ಹೇಳಿ."

ಬೀದಿಯವರೆಲ್ಲ ನೋಡುತ್ತಿದ್ದರು. ಬುನಿ ಅಜ್ಜಿಯಂತೂ ಸೌಟು ಸೊಂಟಕ್ಕಿಟ್ಟು ನಿಂತಿದ್ದಳು. ಬಂದರು ನಗುವುದಾದರೆ ನಗಲಿ!

"ಮೊದಲು ಹಿಂದಕ್ಕೆ ಬನ್ನಿ," ಎಂದಳು ಮಿರಾನ್. "ಎದುರಿಗೇ ಹೇಳ್ತೀನಿ."