ಹನ್ನೊಂದನೇ ಕಂಬದ ತಂತಿ

೧೯೩೯ರ ಫೆಬ್ರುವರಿ ೯, ಗುರುವಾರ. ಮಧ್ಯಾಹ್ನ ಎರಡಕ್ಕೆ ಗೋಕಾಕ ಠಾಣೆಗೆ ಫಿರ್ಯಾದು ಬಂತು. ಕೊಣ್ಣೂರಿನಾಚೆಯ ಅರಳೆ ಗಿರಣಿಯ ಮ್ಯಾನೇಜರ್ ಶಿದ್ರಾಮ ಬರೆದುಕೊಟ್ಟದ್ದು: ಗಿರಣಿಯ ಖಾಸಗಿ ವಿದ್ಯುತ್ ಲೈನನ್ನು ಯಾರೋ ಕಡಿದಿದ್ದಾರೆ, ಯಂತ್ರಗಳೆಲ್ಲ ನಿಂತಿವೆ. ಫೌಜದಾರ ಮುರಿಗೆಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮಾಯಪ್ಪನೊಡನೆ ಹೊರಟರು.

೩-೧೦ಕ್ಕೆ ಸ್ಥಳದ ಪಂಚನಾಮೆ ಶುರುವಾಯಿತು. ಹನ್ನೊಂದನೇ ಕಂಬ ಹೊಲದ ದಾರಿಯ ಬದಿಗಿತ್ತು. ಆಗಲೇ ಅದೇ ವಾಲಿದ ಕಂಬಕ್ಕೆ ಹೊಸ ತಂತಿ ಎಳೆದಿದ್ದರು. ಐದಕ್ಕೆ ಕರೆಂಟ್ ಬಿಡಲೇಬೇಕೆಂದು ಶಿದ್ರಾಮ ಅವಸರ ಮಾಡುತ್ತಿದ್ದ.

ಕೆಳಗೆ ಬಿದ್ದಿದ್ದ ಹಳೆಯ ತಂತಿಯ ಕಡಿದ ತುದಿಯಲ್ಲಿ ಸುಟ್ಟ ಕಲೆಯಿರಲಿಲ್ಲ. ಅಂದರೆ ಕರೆಂಟ್ ನಿಂತಾಗಲೇ ಕಡಿದದ್ದು. ಯಂತ್ರಕ್ಕೆ ಎಣ್ಣೆ ಹಾಕಲು ದಿನಾ ಹನ್ನೆರಡೂವರೆಗೆ ಅರ್ಧ ತಾಸು ನಿಲ್ಲಿಸುತ್ತಾರೆಂದು ಮಾಯಪ್ಪ ವಿಚಾರಿಸಿ ತಂದ. ಆಗ ಫ್ಯೂಜ್ ತೆಗೆಯುವವನು ಲೈನ್‌ಮನ್ ಇಸ್ಮಾಯಿಲ. ಹನ್ನೊಂದು ವರ್ಷದ ಹಳೆಯ ನೌಕರ.

“ಫ್ಯೂಜ್ ತಗದ ಮ್ಯಾಲೆ ಎಲ್ಲಿ ಇಟ್ಟಿದ್ದಿ?” ಮುರಿಗೆಪ್ಪ ಕೇಳಿದರು.

“ನನ್ನ ಕಿಸೇದಾಗರಿ.”

“ಅದು ಇನ್ನೊಬ್ಬನ ಕಿಸೇದಾಗ ಇದ್ದಾಗ, ಅಂವಾ ಯಾವಾಗ ತಿರುಗಿ ಹಾಕ್ತಾನೋ ಗೊತ್ತಿಲ್ದ, ಯಾರರ ಧೈರ್ಯಾ ಮಾಡಿ ಕಂಬಾ ಹತ್ತತಾರೇನು?”

ಇಸ್ಮಾಯಿಲ ದಾರಿಯ ಕಡೆ ನೋಡಿದ. ಹೆಂಗಸರು ಮೇವಿನ ಹೊರೆ ಹೊತ್ತು ಬರುತ್ತಿದ್ದರು. ಗಂಟೆ ನಾಲ್ಕೂ ಮುಕ್ಕಾಲು.

“ನಾನೇ ಕಡದೇನ್ರಿ. ಕರೆಂಟ್ ಬಿಡೂಕಿಂತ ಮೊದ್ಲ ಆ ತಂತಿ ಅಳೀರಿ.”

ಮಾಯಪ್ಪ ಬಿದಿರಿನ ಗಳ ಹಿಡಿದು ಅಳೆದ. ನೆಲದಿಂದ ಒಂಬತ್ತು ಅಡಿ. ಮುಂದೆ ಬರುತ್ತಿದ್ದ ಬಾಳವ್ವನ ಹೊರೆಯ ಮೇಲೆ ನೆಟ್ಟಗೆ ಸಿಕ್ಕಿಸಿದ ಕುಡುಗೋಲಿತ್ತು. ಅದರ ತುದಿ ತಂತಿಗೆ ನಾಲ್ಕು ಬೆರಳು ಕೆಳಗೆ ಹಾದುಹೋಯಿತು.

ಲೈನ್ ಗಿರಣಿಯದು, ಕರೆಂಟ್ ಗಿರಣಿಗಷ್ಟೇ, ಹೊರಗೆ ಯಾರಿಗೂ ಮಾರುವುದಿಲ್ಲ, ಆದ್ದರಿಂದ ತಂತಿಯ ಎತ್ತರದ ಸರ್ಕಾರಿ ನಿಯಮ ತಮಗೆ ತಗಲುವುದಿಲ್ಲ ಎಂದು ಶಿದ್ರಾಮ ವಾದಿಸಿದ.

“ದಾರಿ ಯಾರದ್ರಿ?” ಮುರಿಗೆಪ್ಪ ಕೇಳಿದರು.

ಶಿದ್ರಾಮ ತಡೆದು, “ಸರ್ಕಾರದ್ದು” ಅಂದ.

ಮುರಿಗೆಪ್ಪ ಅದನ್ನೂ ಪಂಚನಾಮೆಗೆ ಸೇರಿಸಿದರು. ವಿದ್ಯುತ್ ಇನ್ಸ್‌ಪೆಕ್ಟರ್ ಬಂದು ನೋಡುವವರೆಗೆ ಕರೆಂಟ್ ಬಿಡಕೂಡದೆಂದು ಬರೆದು ಸಹಿ ಹಾಕಿಸಿಕೊಂಡರು. ೫-೨೦ಕ್ಕೆ ಇಸ್ಮಾಯಿಲನ ದಸ್ತಗಿರಿಯಾಯಿತು.

ಠಾಣೆಯಲ್ಲಿ ಅವನು ಎಲ್ಲ ಹೇಳಿದ. ಕಂಬ ವಾಲಿ ತಂತಿ ಜೋತದ್ದನ್ನು ಮೂರು ಸಲ ಮ್ಯಾನೇಜರರಿಗೆ ತಿಳಿಸಿದ್ದ. ವಿದ್ಯುತ್ ಇನ್ಸ್‌ಪೆಕ್ಟರಿಗೂ ಅರ್ಜಿ ಕಳಿಸಿದ್ದ. ಸೋಮವಾರ ಬಾಳವ್ವ ಆ ತಂತಿಯ ಕೆಳಗೆ ಹೋದದ್ದನ್ನು ಕಂಡ ಮೇಲೆ ಅವನಿಗೆ ಅನ್ನ ಸೇರಿರಲಿಲ್ಲ.

ನೌಕರಿ ಹೋಗುತ್ತದೆ, ಜೇಲೂ ಆಗುತ್ತದೆ, ಅದು ಗೊತ್ತಿರಲಿಲ್ಲವೇ ಎಂದು ಮುರಿಗೆಪ್ಪ ಕೇಳಿದರು.

“ಗೊತ್ತಿತ್ರಿ. ಅರ್ಜಿ ಕೊಟ್ರ ಯಾರೂ ಬರ್ಲಿಲ್ಲ. ಗಿರಣಿ ನಿಂತ್ರ ಬರ್ತಾರ ಅನ್ನೂದೂ ಗೊತ್ತಿತ್ತು.”

ಮುರಿಗೆಪ್ಪ ಆ ಮಾತನ್ನು ಒಂದಕ್ಷರ ತಿದ್ದದೆ ಅವನ ಹೇಳಿಕೆಯ ಜಬಾನಿಯಲ್ಲಿ ಬರೆದುಕೊಂಡರು.